ಅಣ್ಣಾಸಾಹೇಬರ ಕಾಯಿಲೆಗೆ ನಾನು ಕಟ್ಟಿದ ಇಸವಿ

ಹಳೆಯ ಕಾಗದಗಳನ್ನು ಓದಿ ಅವುಗಳಿಗೆ ಇಸವಿ ಗೊತ್ತುಪಡಿಸುವ ಕೆಲಸದಲ್ಲಿ ನಾನು ಪುಣೆಯಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದೇನೆ. ಈಗ ನಿವೃತ್ತ. ಹಳೆಯ ಮರಾಠಿ ಬರವಣಿಗೆಯ ಮೋಡಿ ಲಿಪಿಯ ಕಾಗದವನ್ನು ಯಾರಾದರೂ ಮುಂದೆ ಹಿಡಿದರೆ ಮೊದಲಿನ ಕುತೂಹಲದ ಬದಲು ಒಂದು ಬಗೆಯ ದಣಿವು ಬರುತ್ತದೆ. ನಮ್ಮ ದಫ್ತರಕ್ಕೆ ಈ ವರ್ಷ ಸೇರಿದ ಇಬ್ಬರು ತರುಣರು ಮನೆಗೆ ಬಂದು, ಕೆಲಸದ ಅನುಭವ ಬರೆದುಕೊಡಬೇಕೆಂದು ಕೇಳಿದರು. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ದಫ್ತರದ ಪುಸ್ತಕದಲ್ಲಿದೆ. ಬೇಕಾದವರು ಅಲ್ಲಿ ನೋಡಿಕೊಳ್ಳಬಹುದು. ಅಲ್ಲಿ ಸಿಗದ ಒಂದು ತಪ್ಪನ್ನು ಇಲ್ಲಿ ಬರೆಯುತ್ತೇನೆ.

ತಿಂಗಳು, ತಿಥಿಗಳ ವಿಷಯದಲ್ಲಿ ಒಂದು ಮಾತು. ಕೆಳಗೆ ಬರುವ ಪ್ರತಿಯೊಂದು ತಿಂಗಳನ್ನೂ ನನ್ನ ದಿನಚರಿ, ದಫ್ತರದ ಹಾಜರಿ ಪುಸ್ತಕ ಮತ್ತು ಉಳಿದಿರುವ ಆಸ್ಪತ್ರೆಯ ಚೀಟಿಗಳೊಡನೆ ತಾಳೆ ನೋಡಿದ್ದೇನೆ. ಎರಡು ಕಡೆ ಅವು ಒಂದಕ್ಕೊಂದು ಹೊಂದಲಿಲ್ಲ. ಅಲ್ಲಿ ಆಸ್ಪತ್ರೆಯ ಚೀಟಿಯನ್ನೇ ನಂಬಿದ್ದೇನೆ. ಇಸವಿಗಳನ್ನು ಮಾತ್ರ ಬರೆದಿಲ್ಲ. ಆ ಮನೆತನದವರು ಹಾಗೆ ಕೇಳಿಕೊಂಡಿದ್ದಾರೆ. ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲು ಎಂದಷ್ಟು ತಿಳಿದರೆ ಸಾಕು.

ನಮ್ಮ ದಫ್ತರ ಸದಾಶಿವ ಪೇಠೆಯ ಒಂದು ವಾಡೆಯ ಮಾಳಿಗೆಯ ಮೇಲಿತ್ತು. ಪೇಶವೆಯವರ ಕಾಲದ ಪತ್ರಗಳು ಗಂಟುಗಟ್ಟಲೆ ಬಂದು ಬೀಳುತ್ತಿದ್ದವು. ಆ ಕಾಲದ ಕಾರಕೂನರು ಪತ್ರದ ಕೊನೆಗೆ ತಿಂಗಳು, ತಿಥಿ, ವಾರ ಬರೆಯುತ್ತಿದ್ದರು, ವರ್ಷ ಬರೆಯುತ್ತಿರಲಿಲ್ಲ. ಬರೆದವನಿಗೂ ಓದುವವನಿಗೂ ಅದು ಯಾವ ವರ್ಷವೆಂದು ಗೊತ್ತೇ ಇತ್ತಲ್ಲ. ನೂರೈವತ್ತು ವರ್ಷಗಳ ಮೇಲೆ ಆ ಕಾಗದವನ್ನು ಬಿಚ್ಚುವ ನಮಗೆ ಮಾತ್ರ ಗೊತ್ತಿರಲಿಲ್ಲ. ಯಾವ ವರ್ಷದಲ್ಲಿ ಆ ತಿಥಿ ಆ ವಾರಕ್ಕೆ ಬಂದಿತ್ತೆಂದು ಲೆಕ್ಕ ಹಾಕಿ ನೋಡುವುದು ನಮ್ಮ ಕೆಲಸದ ಮೊದಲ ಮೆಟ್ಟಿಲು. ನಾನು ಸೇರಿದಾಗ ಇದಕ್ಕಾಗಿ ಹಳೆಯ ಪಂಚಾಂಗಗಳ ಕಟ್ಟನ್ನು ಬಿಚ್ಚಿ ಅರ್ಧ ದಿನ ಕೂಡಬೇಕಾಗುತ್ತಿತ್ತು. ಆಮೇಲೆ ಅಚ್ಚಾದ ಕೋಷ್ಟಕಗಳು ಬಂದವು. ಅರ್ಧ ದಿನದ ಕೆಲಸ ಅರ್ಧ ಗಳಿಗೆಗೆ ಇಳಿಯಿತು. ಜೊತೆಗೆ ಕಾರ್ಡುಗಳೂ ಬಂದವು. ಪ್ರತಿ ಪತ್ರಕ್ಕೆ ಒಂದು ಕಾರ್ಡು. ಅದರ ಮೇಲೆ ನಾಲ್ಕು ಸಾಲು: ತಿಥಿ, ಊರು, ಬರೆದವರು, ಸಾರ. ಕಾರ್ಡು ಬರೆದಾದ ಮೇಲೆ ಪತ್ರ ಕಪಾಟಿಗೆ ಹೋಗುತ್ತಿತ್ತು. ಮುಂದಿನ ಕೆಲಸವೆಲ್ಲ ಕಾರ್ಡಿನ ಮೇಲೆಯೇ. ಈ ಪದ್ಧತಿ ಬಂದಾಗ ನಾವೆಲ್ಲ ಬಹಳ ಸಂತೋಷಪಟ್ಟೆವು.

ದಫ್ತರದ ಮುಖ್ಯಸ್ಥರು ಅಣ್ಣಾಸಾಹೇಬ ತೊರವಿ. ವಿಜಾಪುರದ ಕಡೆಯವರು. ನಾನು ಧಾರವಾಡದವನು. ಉಳಿದವರೆಲ್ಲ ಮರಾಠಿಗರಾದ್ದರಿಂದ ದಫ್ತರದ ಮಾತು ಮರಾಠಿಯೇ. ಆದರೆ ನನ್ನನ್ನು ಬೈಯುವಾಗ ಅಣ್ಣಾಸಾಹೇಬರು ಕನ್ನಡಕ್ಕೆ ಹೊರಳುತ್ತಿದ್ದರು. ಬೇರೆಯವರ ಮುಂದೆ ನನ್ನ ಮಾನ ಹೋಗಬಾರದೆಂಬ ಉಪಕಾರಬುದ್ಧಿ. ಧ್ವನಿಯಿಂದಲೇ ಎಲ್ಲರಿಗೂ ಎಲ್ಲವೂ ತಿಳಿಯುತ್ತಿತ್ತು.

ನಾನು ಸೇರಿದ ಎರಡನೆಯ ವರ್ಷ, ತಿಂಗಳ ಹೆಸರು ಅಳಿಸಿಹೋಗಿದ್ದ ಒಂದು ಪತ್ರಕ್ಕೆ ತಿಥಿ-ವಾರದ ಲೆಕ್ಕ ಹಾಕಿ ಫಾಲ್ಗುಣ ಮಾಸವೆಂದು ಬರೆದಿದ್ದೆ. ಅದರಲ್ಲಿ ಹೊಳೆ ದಾಟಲು ಆಗದೆ ಪುಣೆಯ ಈ ದಡದಲ್ಲಿಯೇ ನಿಂತಿದ್ದೇವೆ ಎಂಬ ಮಾತಿತ್ತು. ಅಣ್ಣಾಸಾಹೇಬರು ಕಾಗದ ಹಿಡಿದು ನನ್ನ ಗದ್ದಿಗೆಯ ಬಳಿ ಬಂದರು.

"ವೆಂಕಟರಾವ್, ಫಾಲ್ಗುಣದಾಗ ಮುಠಾ ಹೊಳಿ ತುಂಬಿ ಹರಿಯೂದು ನೀವು ಕಂಡೀರೇನು?"

"ಇಲ್ಲರಿ."

"ಹೋಳಿ ಹುಣ್ಣಿಮಿ ದಿನಾ ಅದರಾಗ ಎಮ್ಮಿ ಕೂಡ ಮುಳಗೂದಿಲ್ಲ. ಹೋಗ್ರಿ, ಲಕಡಿ ಪೂಲಿನ ಮ್ಯಾಲೆ ನಿಂತು ಹೊಳಿ ನೋಡಿ ಬರ್ರಿ."

"ಈಗರೀ?"

"ಈಗೇನು, ಮಳಿಗಾಲದ ತನಕಾ ನಿಂತು ಬಂದ್ರೂ ನಡೀತದ."

ಬಿಸಿಲಿನಲ್ಲಿ ಸೇತುವೆಗೆ ಹೋಗಿ ನಿಂತು ನೋಡಿ ಬಂದೆ. ಹಿಂತಿರುಗಿದಾಗ ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಇಪ್ಪತ್ತು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ಒಂದು ದಿನವೂ ಹೊಗಳಲಿಲ್ಲ. ತಪ್ಪಿಲ್ಲದ ಕಾರ್ಡನ್ನು ಏನೂ ಹೇಳದೆ ಪೆಟ್ಟಿಗೆಗೆ ಹಾಕುತ್ತಿದ್ದರು. ನಾವು ಅದನ್ನೇ ಪ್ರಶಂಸೆಯೆಂದು ತಿಳಿಯುತ್ತಿದ್ದೆವು.

ಅವರಿಗೆ ಕಾಯಿಲೆಯೆಂದು ನನಗೆ ತಿಳಿದದ್ದು ಒಂದು ವೈಶಾಖದಲ್ಲಿ. ದಫ್ತರದ ಏಣಿಮೆಟ್ಟಿಲುಗಳ ಅರ್ಧಕ್ಕೆ ನಿಂತು ಎಡಗಡೆಯ ಸೊಂಟ ಹಿಡಿದುಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಉಳಿದವರು ಚಹಾಕ್ಕೆ ಹೋದಾಗ ನನ್ನನ್ನು ಕರೆದರು.

"ನಿಮ್ಮ ಪರಿಚಯದ ಡಾಕ್ಟರು ಯಾರಾದರೂ ಇದ್ದಾರೇನು? ಛಲೋ ಸರ್ಜನ್ ಬೇಕು. ಮನ್ಯಾಗ ಗೊತ್ತಾಗಬಾರದು."

"ಏನಾಗೇದ್ರಿ?"

"ಮೂತ್ರದಾಗ ರಕ್ತ ಹೋಗ್ತದ. ನೋವಿಲ್ಲ, ಏನಿಲ್ಲ. ಬರ್ತದ, ನಿಲ್ತದ. ಈಗ ಬಾಜೂಕ ಒಂದು ಗಡ್ಡಿ ಕೈಗೆ ಹತ್ಲಿಕ್ಕೆ ಹತ್ತೇದ."

ನನ್ನ ಪರಿಚಯದ ಒಬ್ಬ ಮರಾಠಿ ಸರ್ಜನ್ ಇದ್ದರು. ಅವರ ಆಸ್ಪತ್ರೆಗೆ ಜ್ಯೇಷ್ಠದ ಮೊದಲ ವಾರದಲ್ಲಿ ಕರೆದುಕೊಂಡು ಹೋದೆ. (ನನ್ನ ದಿನಚರಿ ವೈಶಾಖದ ಕೊನೆ ಎನ್ನುತ್ತದೆ; ಅದು ತಪ್ಪು.) ರಕ್ತನಾಳಕ್ಕೆ ಔಷಧ ಚುಚ್ಚಿ ಮೂತ್ರಪಿಂಡದ ಎಕ್ಸ್-ರೇ ತೆಗೆಯುವ ವಿಧಾನ ಆಗ ಹೊಸತು. ಹೆಸರು ಬರೆದುಕೊಳ್ಳುವ ಗುಮಾಸ್ತನು ವಯಸ್ಸು ಕೇಳಿದ.

"ಸರ್ವಿಸ್ ಬುಕ್ಕಿನಲ್ಲಿ ಅರವತ್ನಾಲ್ಕು," ಎಂದು ಮರಾಠಿಯಲ್ಲಿ ಹೇಳಿದ ಅಣ್ಣಾಸಾಹೇಬರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಖರೇ ಅರವತ್ತಾರು. ಸಾಲಿಗೆ ಹಚ್ಚುವಾಗ ನಮ್ಮಪ್ಪ ಎರಡು ವರ್ಷ ನುಂಗ್ಯಾನ. ಯಾವುದು ಹೇಳಲಿ?" ಎಂದರು.

"ಡಾಕ್ಟರಿಗೆ ಖರೇದ ಹೇಳ್ರಿ."

"ಬರೆದುಕೊಳ್ಳಪ್ಪ, ಅರವತ್ತಾರು," ಎಂದರು ಗುಮಾಸ್ತನಿಗೆ. ಊರಿನವರ ಇಸವಿಗಳನ್ನೆಲ್ಲ ತಿದ್ದಿದವರು ತಮ್ಮದೊಂದನ್ನು ಹಾಗೆಯೇ ಬಿಟ್ಟುಕೊಂಡು ಬಂದಿದ್ದರು.

ಎರಡು ವಾರದ ಮೇಲೆ ಸರ್ಜನ್ ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಎಡ ಮೂತ್ರಪಿಂಡದಲ್ಲಿ ಮೋಸಂಬಿ ಹಣ್ಣಿನಷ್ಟು ಗಡ್ಡೆ. ಕ್ಯಾನ್ಸರ್ ಎಂದೇ ಹೇಳಿದರು; ಸುತ್ತಿಬಳಸಿ ಹೇಳುವ ಸ್ವಭಾವದವರಲ್ಲ. ಬಲಗಡೆಯದು ಚೆನ್ನಾಗಿತ್ತು. ಪುಪ್ಪುಸಗಳಲ್ಲಿ ಏನೂ ಕಾಣಲಿಲ್ಲ. ಆದರೆ ನಾಡಿ ನಡುನಡುವೆ ತಪ್ಪುತ್ತಿತ್ತು, ಕಾಲಿಗೆ ತುಸು ಬಾವು ಇತ್ತು.

"ತೆಗೆದುಹಾಕಿದರೆ ಗುಣವಾಗಬಹುದು," ಎಂದರು ಸರ್ಜನ್ ಮರಾಠಿಯಲ್ಲಿ. "ಆದರೆ ಈ ವಯಸ್ಸು, ಈ ಹೃದಯ. ಮೇಜಿನ ಮೇಲಿಂದ ಎದ್ದು ಬರುತ್ತೀರೆಂದು ನಾನು ಮಾತು ಕೊಡಲಾರೆ. ಅದಕ್ಕೆ ಒಂದು ಸಂಗತಿ ಸರಿಯಾಗಿ ಹೇಳಿ. ಮೊಟ್ಟಮೊದಲು ರಕ್ತ ಕಂಡದ್ದು ಯಾವಾಗ?"

"ಯಾಕೆ?" ಎಂದರು ಅಣ್ಣಾಸಾಹೇಬರು.

"ಮೂರು ನಾಲ್ಕು ವರ್ಷಗಳ ಹಿಂದೆ ಕಂಡು, ಈಗ ಇಷ್ಟೇ ಬೆಳೆದಿದ್ದರೆ ಇದು ನಿಧಾನದ ಜಾತಿ. ಇದನ್ನು ಇಟ್ಟುಕೊಂಡೇ ನಿಮ್ಮ ಆಯುಷ್ಯ ಕಳೆಯಬಹುದು. ನಾನು ಚಾಕು ಹಿಡಿಯಲು ಅವಸರ ಮಾಡುವುದಿಲ್ಲ. ಇತ್ತೀಚಿನದಾಗಿದ್ದು ಇಷ್ಟು ಬೆಳೆದಿದ್ದರೆ ವೇಗದ್ದು. ಬಿಟ್ಟರೆ ಬರುವ ವರ್ಷ ನೀವು ಇರುವುದಿಲ್ಲ. ಆಗ ಅಪಾಯವಿದ್ದರೂ ತೆಗೆಯುವುದೇ ಲೇಸು."

ಅಂದಿನ ವೈದ್ಯರ ವಿಚಾರ ಅದು. ಇಂದು ಅವರು ಏನನ್ನುತ್ತಾರೋ ನನಗೆ ತಿಳಿಯದು.

"ಒಂದು ಟಿಪ್ಪಣಿ ಇದೆ. ವಾರದಲ್ಲಿ ಹೇಳುತ್ತೇನೆ," ಎಂದರು ಅಣ್ಣಾಸಾಹೇಬರು.

ಮರುದಿನ ಅವರು ದಫ್ತರಕ್ಕೆ ಒಂದು ಚೀಟಿ ತಂದು ನನ್ನ ಮುಂದಿಟ್ಟರು. ಹಳೆಯ ಕಾರಕೂನರ ಕಾಗದಗಳ ನಡುವೆ ನಲವತ್ತು ವರ್ಷ ಬದುಕಿ, ತಾವೂ ಅವರಂತೆಯೇ ಬರೆಯುವ ಅಭ್ಯಾಸ ಮಾಡಿಕೊಂಡಿದ್ದರು: ಹರಕು ಕಾಗದದ ಬೆನ್ನಿಗೆ ತಿಂಗಳು, ತಿಥಿ, ವಾರ, ಎರಡು ಸಾಲಿನ ಸಂಗತಿ. ವರ್ಷವಿಲ್ಲ. ಅಂಥ ಚೀಟಿಗಳ ಒಂದು ತಗಡಿನ ಪೆಟ್ಟಿಗೆಯೇ ಅವರ ಮನೆಯಲ್ಲಿತ್ತು.

"ಇದಕ್ಕ ಇಸವಿ ಹಾಕ್ರಿ," ಎಂದರು.

"ಅಣ್ಣಾಸಾಹೇಬ್ರ, ನಿಮಗ ನೆನಪಿಲ್ಲೇನ್ರಿ?"

"ನೆನಪು ಪುರಾವೆ ಅಲ್ಲ. ಪದ್ಧತಿ ಪ್ರಕಾರ ಮಾಡ್ರಿ."

ಪದ್ಧತಿ ಪ್ರಕಾರ ಮಾಡಿದೆ. ಒಂದು ಕಾರ್ಡು ತೆಗೆದುಕೊಂಡು ತಿಥಿಯ ಸಾಲಿನಲ್ಲಿ 'ಶ್ರಾವಣ ವದ್ಯ ಪಂಚಮಿ, ಗುರುವಾರ' ಎಂದು ಬರೆದೆ; ವದ್ಯವೆಂದರೆ ಬಹುಳ ಪಕ್ಷ. ಸಾರದ ಸಾಲಿನಲ್ಲಿ 'ಬೆಳಗ್ಗೆ ಮೂತ್ರ ಕೆಂಪು, ನೋವಿಲ್ಲ, ಇದೇ ಮೊದಲು' ಎಂದು ಬರೆದೆ. ಚೀಟಿಯನ್ನು ಲಕೋಟೆಯಲ್ಲಿಟ್ಟು ಬದಿಗಿರಿಸಿದೆ. ಕೈ ತಾನಾಗಿಯೇ ಮಾಡುವ ಕೆಲಸ. ಸಾವಿರಾರು ಪತ್ರಗಳಿಗೆ ಹಾಗೆಯೇ ಮಾಡಿದ್ದೆ.

ಕೋಷ್ಟಕ ನೋಡಿದರೆ ಎರಡು ವರ್ಷಗಳು ಹೊಂದಿದವು. ಮೂರು ವರ್ಷಗಳ ನಡುವೆ ಒಂದು ಅಧಿಕ ಮಾಸ ಬಿದ್ದರೆ ಅದೇ ತಿಥಿ ಮತ್ತೆ ಅದೇ ವಾರಕ್ಕೆ ಬರುವುದುಂಟು. ಇಲ್ಲಿ ಆದದ್ದು ಅದೇ. ಒಂದು ಹಿಂದಿನ ವರ್ಷದ ಶ್ರಾವಣ, ಅಂದರೆ ಹತ್ತು ತಿಂಗಳ ಹಿಂದೆ. ಇನ್ನೊಂದು ಅದಕ್ಕೂ ಮೂರು ವರ್ಷ ಮೊದಲಿನದು. ಹತ್ತು ತಿಂಗಳೋ, ನಾಲ್ಕು ವರ್ಷವೋ? ಒಂದಾದರೆ ಚಾಕು, ಇನ್ನೊಂದಾದರೆ ಮನೆಗೆ ಹೋಗಿ ಊಟ ಮಾಡಬಹುದು. ನನ್ನ ಉದ್ಯೋಗದಲ್ಲಿ ಅಷ್ಟು ಭಾರವಾದ ಲೆಕ್ಕ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಇನ್ನೊಂದು ಆಧಾರ ಬೇಕಾಯಿತು. ಹಾಜರಿ ಪುಸ್ತಕ ತೆಗೆದೆ. ನಾಲ್ಕು ವರ್ಷದ ಹಿಂದಿನ ಆ ಗುರುವಾರ ಅಣ್ಣಾಸಾಹೇಬರು ರಜೆಯ ಮೇಲಿದ್ದರು; ಕಾರಣದ ಕಡೆ 'ಪ್ರಕೃತಿ ಅಸ್ವಾಸ್ಥ್ಯ' ಎಂದಿತ್ತು. ಹಿಂದಿನ ವರ್ಷದ ಗುರುವಾರ ಎಂದಿನಂತೆ ಬಂದು ಸಹಿ ಹಾಕಿದ್ದರು. ಇದಕ್ಕಿಂತ ಚೊಕ್ಕ ಪುರಾವೆ ಬೇಕೆ? ಹಗುರವಾದ ಮನಸ್ಸಿನಿಂದ ಎರಡು ಪುಟದ ಟಿಪ್ಪಣಿ ಬರೆದು, ಕೋಷ್ಟಕದ ನಕಲು ಲಗತ್ತಿಸಿ ಅವರ ಮೇಜಿನ ಮೇಲಿಟ್ಟೆ.

ಅವರು ಅದನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಭಾಳ ಛಲೋ ಮಾಡೀರಿ, ವೆಂಕಟರಾವ್," ಎಂದರು.

ಇಪ್ಪತ್ತು ವರ್ಷಗಳಲ್ಲಿ ಮೊದಲ ಹೊಗಳಿಕೆ. ಆಗಲೇ ನನಗೆ ಸಂಶಯ ಬರಬೇಕಾಗಿತ್ತು. ಬರಲಿಲ್ಲ, ಎದೆ ಉಬ್ಬಿತು.

ಸರ್ಜನ್ ನನ್ನ ಟಿಪ್ಪಣಿಯನ್ನು ಗೌರವದಿಂದ ಓದಿದರು. "ರೋಗಿಗಳೆಲ್ಲ ಇಷ್ಟು ಕರಾರುವಾಕ್ಕಾಗಿ ಹೇಳಿದರೆ ನಮ್ಮ ಕೆಲಸ ಎಷ್ಟು ಸುಲಭ!" ಎಂದರು. ನಾಲ್ಕು ವರ್ಷದ್ದಾದರೆ ಈಗ ಕೈ ಹಾಕುವುದು ಬೇಡ, ದೀಪಾವಳಿಯ ಹೊತ್ತಿಗೆ ಮತ್ತೆ ಬಂದು ತೋರಿಸಿ ಎಂದರು. ಟಾಂಗಾದಲ್ಲಿ ಹಿಂತಿರುಗುವಾಗ ಅಣ್ಣಾಸಾಹೇಬರು ಹಗುರವಾಗಿದ್ದರು. ದಫ್ತರದಿಂದ ಅಚ್ಚಾಗುತ್ತಿದ್ದ ಪತ್ರಸಂಗ್ರಹದ ನಾಲ್ಕನೆಯ ಸಂಪುಟವನ್ನು ಅವರೇ ಸಿದ್ಧಪಡಿಸುತ್ತಿದ್ದರು; ಅದರ ಮಾತನ್ನು ಮನೆಯ ಬಾಗಿಲವರೆಗೂ ಆಡಿದರು.

ಅವರ ಮನೆ ದಫ್ತರದ ಹಿಂದಿನ ಓಣಿಯಲ್ಲಿಯೇ. ಎರಡು ವರ್ಷಗಳ ಹಿಂದೆ ಕಸಬಾ ಪೇಠೆಯ ಹಳೆಯ ವಾಡೆಯನ್ನು ಬಿಟ್ಟು ಇಲ್ಲಿಗೆ ಬಂದಿದ್ದರು. ಅವರ ಹೆಂಡತಿ ಗೋದಾಬಾಯಿಯವರನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ. ಉಪ್ಪಿಟ್ಟಿನ ತಾಟು ತಂದಿಟ್ಟು, ಅವರು ಗೋಡೆಗೆ ಒರಗಿ ನಿಂತರು.

"ಡಾಕ್ಟರು ಏನಂದ್ರು?"

ಅಣ್ಣಾಸಾಹೇಬರು ಬೆಚ್ಚಿದರು. "ಯಾವ ಡಾಕ್ಟರು?"

"ಧೋತ್ರ ಒಗಿಯಾಕಿ ನಾನು. ನನಗ ಗೊತ್ತಾಗೂದಿಲ್ಲಂತ ತಿಳಕೊಂಡೀರಿ? ನೀವ ಹೇಳ್ತೀರಿ, ನೀವ ಹೇಳ್ತೀರಿ ಅಂತ ಸುಮ್ಮನಿದ್ದೆ. ವೆಂಕಟರಾವ್, ನೀವರೇ ಹೇಳ್ರಿ."

ಮುಚ್ಚಿಡುವ ಕಾರಣವಿರಲಿಲ್ಲ, ಸುದ್ದಿ ಒಳ್ಳೆಯದಿತ್ತು. ಗಡ್ಡೆ, ಸರ್ಜನ್ ಕೇಳಿದ ಪ್ರಶ್ನೆ, ನಾಲ್ಕು ವರ್ಷದ ಲೆಕ್ಕ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಸ್ವಲ್ಪ ಜಂಬವೂ ಸೇರಿರಬೇಕು. ಸರ್ಜನ್‌ಗೆ ತೋರಿಸಲೆಂದು ಒಯ್ದಿದ್ದ ಮೂಲ ಚೀಟಿಯನ್ನು ಲಕೋಟೆಯಿಂದ ತೆಗೆದು ಅವರಿಗೆ ಓದಿ ಹೇಳಿದೆ. ಮೊದಲ ದಿನ ಕಾರ್ಡು ಬರೆದ ಮೇಲೆ ನಾನು ಆ ಚೀಟಿಯನ್ನು ಓದಿದ್ದು ಅದೇ ಮೊದಲು.

"'ಶ್ರಾವಣ ವದ್ಯ ಪಂಚಮಿ, ಗುರುವಾರ. ಬೆಳಗ್ಗೆ ಮೂತ್ರ ಕೆಂಪು. ಇದೇ ಮೊದಲು. ಬಚ್ಚಲದ ಬಿಳಿ ಫರಸಿಗಲ್ಲಿನ ಮೇಲೆ ಸ್ಪಷ್ಟ ಕಂಡಿತು. ನೋವಿಲ್ಲ.'"

ವೈನಿ ಗೋಡೆ ಬಿಟ್ಟು ಮುಂದೆ ಬಂದರು.

"ಇನ್ನೊಮ್ಮೆ ಓದ್ರಿ."

ಓದಿದೆ.

"ಬಿಳಿ ಫರಸಿ ಇದ್ದದ್ದು ಈ ಮನ್ಯಾಗ. ಕಸಬಾ ಪೇಠಿ ವಾಡೇದಾಗ ಕರೀ ಕಲ್ಲು. ರಕ್ತಲ್ಲ, ಕುಂಕುಮ ಚೆಲ್ಲಿದ್ರೂ ಅದರ ಮ್ಯಾಲೆ ಕಾಣ್ತಿದ್ದಿಲ್ಲ. ನಾವು ಇಲ್ಲಿಗೆ ಬಂದು ಎರಡು ವರ್ಷ ಆತು. ನಾಲ್ಕು ವರ್ಷ ಎಲ್ಲಿಂದ ತಂದ್ರಿ?"

"ಅದು ತಿಥಿ-ವಾರದ ವಿಚಾರ, ನಿನಗ ತಿಳಿಯೂದಿಲ್ಲ," ಎಂದರು ಅಣ್ಣಾಸಾಹೇಬರು ತಾಟಿನಿಂದ ತಲೆ ಎತ್ತದೆ.

"ವೈನಿ, ಆ ದಿನಾ ಅವರು ರಜಾ ತಗೊಂಡಾರ. ಪ್ರಕೃತಿ ಅಸ್ವಾಸ್ಥ್ಯ ಅಂತ ಬರದದ," ಎಂದೆ. ನನ್ನ ಧ್ವನಿ ಆಗಲೇ ಇಳಿದಿತ್ತು.

"ಆ ಶ್ರಾವಣದಾಗೇನು? ಅವತ್ತ ಸಾತಾರಕ್ಕ ಹುಡುಗನ್ನ ನೋಡ್ಲಿಕ್ಕೆ ಹೋಗಿದ್ವಿ. ಕಾತ್ರಜದ ಘಾಟಿನಾಗ ಬಸ್ ಕೆಟ್ಟು ಎರಡು ತಾಸು ಬಿಸಲಾಗ ಕೂತಿದ್ವಿ. ಅದೇ ಹುಡುಗ ಅಳಿಯ ಆದ. ಪ್ರಕೃತಿ ಯಾರದೂ ಕೆಟ್ಟಿರಲಿಲ್ಲ, ಬಸ್ಸಿಂದು ಕೆಟ್ಟಿತ್ತು. ರಜಾ ಬೇಕಾದ್ರ ನಿಮ್ಮ ಕಚೇರಿಯಾಗ ಎಲ್ಲಾರೂ ಹಂಗ ಬರೀತೀರಲ್ಲ?"

ಬರೆಯುತ್ತಿದ್ದೆವು. ನಾನೂ ಎಷ್ಟೋ ಸಲ ಬರೆದಿದ್ದೆ.

ನನ್ನ ತಪ್ಪು ಏನೆಂದು ತರುಣರು ಸರಿಯಾಗಿ ತಿಳಿದುಕೊಳ್ಳಬೇಕು. ಲೆಕ್ಕ ತಪ್ಪಿರಲಿಲ್ಲ. ಬಿಳಿ ಫರಸಿಯ ಮಾತನ್ನು ಸಾರವಲ್ಲವೆಂದು ನಾನು ಕಾರ್ಡಿಗೆ ಇಳಿಸಲಿಲ್ಲ. ಆಮೇಲೆ ಕಾರ್ಡನ್ನು ಮಾತ್ರ ನೋಡಿದೆ. ಎರಡೂ ಮನೆಗಳಲ್ಲಿ ಉಂಡವನು ನಾನು, ಎರಡೂ ಬಚ್ಚಲುಗಳಲ್ಲಿ ಕೈಕಾಲು ತೊಳೆದವನು. ಚೀಟಿಯನ್ನು ಇನ್ನೊಮ್ಮೆ ಓದಿದ್ದರೆ ಹೊಳೆಯುತ್ತಿತ್ತು. ಮರುವರ್ಷದಿಂದ ದಫ್ತರದಲ್ಲಿ ಕಾರ್ಡಿನ ಹಿಂಬದಿಗೆ ಪತ್ರದ ಪೂರ್ತಿ ನಕಲು ಬರೆಯುವ ನಿಯಮ ಮಾಡಿಸಿದೆ. ಅದು ಬೇಸರದ ಕೆಲಸವೆಂದು ಈಗಿನವರು ಗೊಣಗುತ್ತಾರಂತೆ. ಹೌದು, ಬೇಸರದ ಕೆಲಸವೇ.

ಆ ಮಧ್ಯಾಹ್ನ ಅಣ್ಣಾಸಾಹೇಬರು ಉಪ್ಪಿಟ್ಟನ್ನು ಪೂರ್ತಿ ಮುಗಿಸಿದರು. ಕೊನೆಗೆ ತಾಟನ್ನು ಸರಿಸಿ, "ನನಗ ಗೊತ್ತಿತ್ತು," ಎಂದರು.

"ಏನು ಗೊತ್ತಿತ್ರಿ?"

"ಹೋದ ವರ್ಷದ್ದಂತ ಗೊತ್ತಿತ್ತು. ಆ ಗುರುವಾರ ರಜಾ ಯಾಕ ತಗೊಂಡಿದ್ದೆ ಅಂತಾನೂ ಗೊತ್ತಿತ್ತು. ನೀವು ನಾಲ್ಕು ವರ್ಷ ಅಂತ ಬರಕೊಂಡು ಬಂದ್ರಿ. ಓದಿದೆ. ಭಾಳ ಛಲೋ ಅನಿಸಿತು, ಸುಮ್ಮನಾದೆ."

"ಯಾಕ್ರಿ?"

"ನಾಲ್ಕನೇ ಸಂಪುಟ ಅರ್ಧಕ್ಕ ನಿಂತದ. ಮೇಜಿನ ಮ್ಯಾಲೆ ಸತ್ರ ಅಲ್ಲಿಗೇ ಮುಗೀತು. ಹಂಗ ಬಿಟ್ಟರ ಒಂದು ವರ್ಷರೇ ಕೈಯಾಗ ಇರ್ತದ. ವರ್ಷದಾಗ ಸಂಪುಟ ಮುಗಸ್ತೀನಿ ಅಂತ ಲೆಕ್ಕಾ ಹಾಕಿದೆ. ಇನ್ನ ಕ್ಲೋರೋಫಾರ್ಮ್ ಅಂದ್ರ..." ಮಾತು ನಿಲ್ಲಿಸಿದರು. "ಅಂಜಿಕಿ ಅದ, ವೆಂಕಟರಾವ್. ಅದನ್ಯಾಕ ಮುಚ್ಚಿಡೂದು."

ವೈನಿ ತಾಟು ಎತ್ತಿಕೊಂಡು ಒಳಗೆ ಹೋದರು. ಅಲ್ಲಿ ಪಾತ್ರೆಗಳ ಸಪ್ಪಳ ಬೇಕಾದದ್ದಕ್ಕಿಂತ ಜೋರಾಗಿಯೇ ಕೇಳಿತು.

"ನಾಳಿ ಸರ್ಜನ್ ಕಡೆ ಹೋಗಿ ಖರೇದ ಹೇಳ್ಲೇನ್ರಿ?" ಎಂದೆ.

"ಹೇಳ್ರಿ. ನನ್ನ ಸುದ್ದಿ ಹೇಳಬ್ಯಾಡ್ರಿ. ನಿಮ್ಮ ಲೆಕ್ಕಾ ತಪ್ಪಿತ್ತಂತ ಹೇಳ್ರಿ."

ಹಾಗೆಯೇ ಹೇಳಿದೆ. ಸರ್ಜನ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ನಿಮಗೆ ಮೂರು ವರ್ಷ ಆಚೆ ಈಚೆ ಆದರೆ ನಡೆಯಬಹುದು, ನಿಮ್ಮ ಜನ ಸತ್ತು ಹೋಗಿರುತ್ತಾರೆ. ನನ್ನವರು ಇನ್ನೂ ಬದುಕಿದ್ದಾರೆ," ಎಂದರು. ಹತ್ತು ತಿಂಗಳಲ್ಲಿ ಇಷ್ಟು ಬೆಳೆದಿದ್ದರೆ ತೆಗೆಯುವುದೇ ಸರಿ. ಅಪಾಯ ಮೊದಲು ಹೇಳಿದಷ್ಟೇ ಇದೆ, ಕಡಿಮೆಯಾಗಿಲ್ಲ. ಹದಿನೈದು ದಿನದೊಳಗೆ ನಿರ್ಧಾರ ಮಾಡಿ ಎಂದರು.

ಹದಿನೈದು ದಿನಗಳಲ್ಲಿ ಹನ್ನೊಂದು ಹಾಗೆಯೇ ಹೋದವು. ಅಣ್ಣಾಸಾಹೇಬರು ದಿನವೂ ದಫ್ತರಕ್ಕೆ ಬಂದು ಪತ್ರ ಬಿಚ್ಚಿಕೊಂಡು ಕೂಡುತ್ತಿದ್ದರು. ಸಂಜೆ ನೋಡಿದರೆ ಅದೇ ಪತ್ರ ಮುಂದಿರುತ್ತಿತ್ತು. ನನ್ನ ಅಭಿಪ್ರಾಯ ಕೇಳಿದರು. ಒಮ್ಮೆ ತಪ್ಪಿದವನು ನಾನು. ಏನೂ ಹೇಳುವ ಧೈರ್ಯವಾಗಲಿಲ್ಲ. ಹನ್ನೆರಡನೆಯ ದಿನ, ಆಷಾಢದ ಮೊದಲ ಏಕಾದಶಿ, ಪಾಲಖಿಯ ಹಿಂದೆ ಪಂಢರಪುರಕ್ಕೆ ಹೊರಟ ವಾರಕರಿ ಯಾತ್ರಿಕರು ಊರು ಬಿಟ್ಟು ಎಷ್ಟೋ ದಿನವಾಗಿ ಓಣಿಗಳು ಬರಿದಾಗಿದ್ದವು. ಅವರ ಮನೆಗೆ ಹೋಗಿದ್ದೆ. ವೈನಿ ಉಪವಾಸಕ್ಕೆಂದು ಸಾಬುದಾಣಿ ನೆನೆಹಾಕುತ್ತಿದ್ದರು. ನನ್ನ ಎದುರಿಗೇ ಅಣ್ಣಾಸಾಹೇಬರು ಹೆಂಡತಿಯನ್ನು ಕೇಳಿದರು.

"ಏನು ಮಾಡ್ಲಿ? ನೀ ಹೇಳು."

ವೈನಿ ಕೈ ಒರೆಸಿಕೊಂಡರು. "ಮದಿವ್ಯಾಗಿ ನಲವತ್ತೈದು ವರ್ಷ ಆತು. ನೀವು ನನ್ನ ಒಂದು ಮಾತು ಕೇಳಿದ್ದು ಇದೇ ಮೊದಲು. ಈ ತಾರೀಖು ಬರಕೋರಿ ವೆಂಕಟರಾವ್."

"ಚ್ಯಾಷ್ಟಿ ಮಾಡಬ್ಯಾಡ."

"ಚ್ಯಾಷ್ಟಿ ಅಲ್ಲ. ನಾ ಅವತ್ತ ಫರಸಿ ಸುದ್ದಿ ಹೇಳಿದ್ದು ನಿಮ್ಮನ್ನ ಕೊಯ್ಯಾಕ ಕಳಸಬೇಕಂತಲ್ಲ. ಖರೇ ಇತ್ತು, ಹೇಳಿದೆ. ನೀವು ಹೋದ್ರ ನಾ ಆಸ್ಪತ್ರಿ ಹೊರಗ ಕೂಡ್ತೀನಿ. ಹೋಗದಿದ್ರ ಮನಿ ಒಳಗ ನಿಮ್ಮ ಬಾಜೂಕ ಕೂಡ್ತೀನಿ. ನನಗ ಕೂಡೂದು ಎರಡೂ ಕಡೆ ಅದ. ಸಾಯೂದು ಬದುಕೂದು ನಿಮ್ಮದು. ಆದ್ರ ಆ ಸಂಪುಟದ ಸಲುವಾಗಿ ಒಂದು ವರ್ಷ, ಎರಡು ವರ್ಷ ಅಂತ ಎಣಸಬ್ಯಾಡ್ರಿ. ಆ ಪತ್ರದಾಗಿನವರು ಯಾರೂ ನಿಮ್ಮ ಹಾದಿ ನೋಡ್ಲಿಕ್ಕೆ ಹತ್ತಿಲ್ಲ."

"ಮತ್ತ ಯಾರು ನೋಡ್ಲಿಕ್ಕೆ ಹತ್ಯಾರ?"

ವೈನಿ ಸಾಬುದಾಣಿಯ ನೀರು ಬಸಿಯಲು ಒಳಗೆ ಹೋದರು. ಅಣ್ಣಾಸಾಹೇಬರು ಆ ಬಾಗಿಲ ಕಡೆ ಸ್ವಲ್ಪ ಹೊತ್ತು ನೋಡಿ, "ನಾಳಿ ಸರ್ಜನ್‌ಗೆ ಹೂಂ ಅಂತ ಹೇಳಿ ಬರ್ರಿ," ಎಂದರು.

ಶಸ್ತ್ರಕ್ರಿಯೆ ಆಷಾಢ ಮುಗಿಯುವ ಮೊದಲೇ ಆಯಿತು. ವೈನಿ ಹೇಳಿದಂತೆ ಹೊರಗಿನ ಬಾಕಿನ ಮೇಲೆ ಕುಳಿತರು. ನಾನು ಪಕ್ಕದಲ್ಲಿ ಕುಳಿತೆ. ಮೂರು ತಾಸು. ನಡುವೆ ಅವರು ಒಂದೇ ಪ್ರಶ್ನೆ ಕೇಳಿದರು: ಕ್ಲೋರೋಫಾರ್ಮ್ ಕೊಟ್ಟಾಗ ಕನಸು ಬೀಳುತ್ತದೆಯೇ? ಗೊತ್ತಿಲ್ಲವೆಂದೆ. ಕೊನೆಗೆ ಸರ್ಜನ್ ಹೊರಗೆ ಬಂದು ನಾಡಿ ಇದೆ ಎಂದರು. ಪಿಂಗಾಣಿಯ ಬೋಗುಣಿಯಲ್ಲಿ ಆ ಮೂತ್ರಪಿಂಡವನ್ನು ತಂದು ತೋರಿಸಿದರು. ನಾನು ಮುಖ ತಿರುಗಿಸಿದೆ. ವೈನಿ ಬಾಗಿ ನೋಡಿದರು.

"ಇಷ್ಟಕ್ಕ ಇಷ್ಟೆಲ್ಲಾನೇನು?" ಎಂದು ಬಾಕಿನ ಮೇಲೆ ಕುಳಿತು ಆಗ ಅತ್ತರು.

ಮೂರು ವಾರ ಜ್ವರ ಬಿಡಲಿಲ್ಲ. ಗಾಯ ಕೀವಾಯಿತು, ನಾಡಿ ಎರಡು ಸಲ ಕೈಗೆ ಸಿಗದಂತಾಯಿತು. ಎರಡನೆಯ ಸಲ ಸಾತಾರದಿಂದ ಮಗಳನ್ನು ಕರೆಸಿದರು. ಭಾದ್ರಪದದಲ್ಲಿ, ಗಣಪತಿ ಕಳಿಸಿದ ಮರುದಿನ, ಅವರನ್ನು ಮನೆಗೆ ತಂದೆವು.

ಆಮೇಲೆ ಅವರು ನಾಲ್ಕು ವರ್ಷ ಬದುಕಿದರು. ಸರಿಯಾಗಿ ಹೇಳಬೇಕೆಂದರೆ ನಾಲ್ಕು ವರ್ಷಕ್ಕೆ ಐದು ವಾರ ಕಡಿಮೆ. ಕಾಯಿಲೆ ಕೊನೆಗೆ ಪುಪ್ಪುಸದಲ್ಲಿ ಮರಳಿತು. ಸಂಪುಟಕ್ಕೆ ಒಂದು ವರ್ಷ ಬೇಕೆಂದವರಿಗೆ ನಾಲ್ಕು ಸಿಕ್ಕವು. ಆ ನಾಲ್ಕು ವರ್ಷಗಳಲ್ಲಿ ಅವರು ಸಂಪುಟವನ್ನು ಮುಟ್ಟಲಿಲ್ಲ. ಮೊದಲು ಅಶಕ್ತತೆ ಎಂದುಕೊಂಡೆವು. ಅಲ್ಲ, ಸಾಯಂಕಾಲ ಹೆಂಡತಿಯೊಡನೆ ಪರ್ವತಿ ಗುಡ್ಡದ ಬುಡದವರೆಗೂ ನಡೆದು ಹೋಗುತ್ತಿದ್ದರು, ಮಂಡಯಿ ಮಾರುಕಟ್ಟೆಯಿಂದ ಕಾಯಿಪಲ್ಯೆ ತರುತ್ತಿದ್ದರು, ಸಾತಾರಕ್ಕೆ ಹೋದರೆ ತಿಂಗಳುಗಟ್ಟಲೆ ಉಳಿಯುತ್ತಿದ್ದರು. ದಫ್ತರದ ಮೆಟ್ಟಿಲು ಹತ್ತಲಿಲ್ಲ. ಸಂಪುಟದ ಭಾರ ಪೂರ್ತಿಯಾಗಿ ನನ್ನ ಹೆಗಲಿಗೆ ಬಂತು. ನನಗೆ ಅವರ ಮೇಲೆ ಸಿಟ್ಟಿತ್ತು. ಬಹಳ ವರ್ಷ ಇತ್ತು.

ಮೂರನೆಯ ವರ್ಷದ ಮಾಘದಲ್ಲಿ ಸಂಪುಟದ ಕೊನೆಯ ಅಚ್ಚುಕರಡು ಹಿಡಿದು ಅವರ ಮನೆಗೆ ಹೋದೆ. ಒಂದು ಪತ್ರದ ಇಸವಿ ನಿರ್ಣಯವಾಗಿರಲಿಲ್ಲ. ಎರಡು ವರ್ಷಗಳಿಗೂ ಸಮನಾದ ಆಧಾರಗಳಿದ್ದವು. ಗಂಡ ಹೆಂಡಿರು ಅಂಗಳದ ಬಿಸಿಲಿನಲ್ಲಿ ಕುಳಿತು ಹಸಿಕಡಲೆ ಸುಲಿಯುತ್ತಿದ್ದರು. ಅಣ್ಣಾಸಾಹೇಬರು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಓದಿದರು, ನನ್ನ ಎರಡೂ ವಾದಗಳನ್ನು ಕೇಳಿದರು.

"ಎರಡೂ ಇರಬಹುದು," ಎಂದರು.

"ಯಾವುದಾದರೂ ಒಂದು ಹೇಳ್ರಿ, ಅಣ್ಣಾಸಾಹೇಬ್ರ. ಅಚ್ಚಿಗೆ ಹೋಗಬೇಕು."

"ಪ್ರಶ್ನೆ ಗುರುತು ಹಾಕಿ ಬಿಡ್ರಿ."

"ಓದೋರು ನಗ್ತಾರ್ರಿ."

"ನಗಲಿ. ನಕ್ಕು ಮುಂದಿನ ಪುಟಾ ತಿರವತಾರ." ಒಂದು ಕಾಯಿ ಬಿಡಿಸಿ ಕಾಳನ್ನು ನನ್ನ ಅಂಗೈಗೆ ಹಾಕಿದರು. "ತಿನ್ರಿ. ಇದರಂಥಾ ಕಡ್ಲಿ ಈ ಸಲಾ ಬಂದೇ ಇದ್ದಿಲ್ಲ."

"ಊಟಕ್ಕ ಇರ್ರಿ ವೆಂಕಟರಾವ್," ಎಂದರು ವೈನಿ. "ಇದರದ ಪಲ್ಯಾ ಮಾಡ್ತೀನಿ."

ನಾನು ಉಳಿಯಲಿಲ್ಲ. ಮುದ್ರಣಾಲಯ ಐದಕ್ಕೆ ಮುಚ್ಚುತ್ತಿತ್ತು. ಓಣಿಯಲ್ಲಿ ನಡೆಯುತ್ತಲೇ ಪೆನ್ಸಿಲ್ ತೆಗೆದು ಪ್ರಶ್ನೆ ಗುರುತು ಹಾಕಿದೆ. ಸಂಪುಟ ಹಾಗೆಯೇ ಅಚ್ಚಾಗಿ ಬಂತು. ಆ ಪತ್ರದ ಇಸವಿ ಇಂದಿಗೂ ಗೊತ್ತಾಗಿಲ್ಲ. ಇಷ್ಟು ವರ್ಷಗಳಲ್ಲಿ ಯಾರೂ ಕೇಳಿಯೂ ಇಲ್ಲ.